ತಿಂಗಳಿಗೆಷ್ಟು ಅನ್ನೋ ಲೆಕ್ಕ

ಓದುಗರ ಪತ್ರ: "ಸಂಪಾದಕರೇ, ಇಲ್ಲಿ ಅಮೆರಿಕದಲ್ಲಿ ಒಂದು ಪ್ಲಗ್-ಇನ್ ಹೈಬ್ರಿಡ್ (ಚಾರ್ಜ್ ಮಾಡಿಯೂ ಪೆಟ್ರೋಲ್ ಹಾಕಿಯೂ ಓಡಿಸುವ) ಕಾರಿಗಾಗಿ ಐದು ತಿಂಗಳಿಂದ ಅಲೆಯುತ್ತಿದ್ದೇನೆ. ಸ್ಟಿಕರ್ ಬೆಲೆ 45,000 ಡಾಲರ್. ಡಿಮ್ಯಾಂಡ್ ಜಾಸ್ತಿ ಅಂತ ಡೀಲರ್ ಅದರ ಮೇಲೆ 5,000 ಕೇಳುತ್ತಾನೆ. ಕೊಳ್ಳೋದು ಕಷ್ಟವಾದರೆ ಮೂರು ವರ್ಷದ ಲೀಸ್ ತಗೊಳ್ಳಿ, ತಿಂಗಳ ಕಂತು ಕಟ್ಟಿ ಓಡಿಸಿ, ಆಮೇಲೆ ಕಾರು ವಾಪಸ್ ಕೊಡಿ ಅಂದ. ಲೀಸಿನ ಬಡ್ಡಿ ಲೆಕ್ಕ ಹಾಕುವ ಸಂಖ್ಯೆ, ಅಂದರೆ ಮನಿ ಫ್ಯಾಕ್ಟರ್, 0.0025. ಮೂರು ವರ್ಷ ಮುಗಿದಾಗ ಕಾರಿನ ಬೆಲೆ 27,000 ಇರುತ್ತದೆ ಎಂದು ಹಿಡಿದಿದ್ದಾನೆ. ತಿಂಗಳಿಗೆ 831 ಅಷ್ಟೇ. ಪರಿಸರಕ್ಕಾಗಿ ಒಪ್ಪಿಕೊಳ್ಳಲೇ? ಅಂದ ಹಾಗೆ, ನಿಮ್ಮ ಪತ್ರಿಕೆಯ ಚಂದಾವನ್ನೂ ತಿಂಗಳಿಗೊಮ್ಮೆ ಕಟ್ಟಬಹುದೇ?"

ಸಂಪಾದಕರ ಉತ್ತರ: ಸ್ವಾಮಿ, ಇಡೀ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಒಂದೇ ಪದ. "ಅಷ್ಟೇ." ಅದು ಡೀಲರ್ ಆಡಿದ ಮಾತು, ಅಲ್ವಾ? ಮನೆಗೆ ಬಂದು ಪತ್ರ ಬರೆಯುವ ಹೊತ್ತಿಗೆ ಅದು ನಿಮ್ಮ ಮಾತೇ ಆಗಿಬಿಟ್ಟಿದೆ.

ಲೀಸ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬ್ಯಾಟರಿ ಕಾರುಗಳ ತಂತ್ರಜ್ಞಾನ ಬೇಗ ಹಳೆಯದಾಗುತ್ತದೆ, ಮರುಮಾರಾಟದ ಬೆಲೆ ಎಷ್ಟು ಇಳಿಯುತ್ತದೋ ಹೇಳಲಾಗದು. ಆ ತಲೆನೋವು ಲೀಸ್ ಕಂಪನಿಗಿರಲಿ ಎನ್ನುವವರಿದ್ದಾರೆ. ಸರಿಯೇ. ಸ್ಟಿಕರ್ ಬೆಲೆಗಿಂತ ಜಾಸ್ತಿ ಕೇಳುವುದೂ ಕಾನೂನಿಗೆ ವಿರುದ್ಧವಲ್ಲ, ಅದು ಕಂಪನಿ ಸೂಚಿಸಿದ ಬೆಲೆ ಮಾತ್ರ. ಡೀಲರ್ ಪರವಾಗಿ ಹೇಳಬೇಕಾದ್ದನ್ನು ಹೇಳಿದೆ.

ಈಗ ನಿಮ್ಮ 831 ಅನ್ನು ಬಿಚ್ಚೋಣ. ಸ್ಟಿಕರ್ ಬೆಲೆಗೆ ಡೀಲರ್ ಕೇಳಿದ್ದೂ ಸೇರಿದರೆ 50,000. ಅದರಲ್ಲಿ 27,000 ಕಳೆದರೆ 23,000. ಅದನ್ನು 36 ತಿಂಗಳಿಗೆ ಹಂಚಿದರೆ 639. ಇದು ಕಾರಿನ ಬೆಲೆ ಇಳಿಯುವುದಕ್ಕೆ ನೀವು ತೆರುವುದು. ಆಮೇಲೆ 50,000ಕ್ಕೆ 27,000 ಕೂಡಿಸಿ, 0.0025ರಿಂದ ಗುಣಿಸಿ. 192 ಚಿಲ್ಲರೆ. ಇದು ಬಡ್ಡಿ. 0.0025 ಎಂದರೆ ಇರುವೆಯಷ್ಟು ಕಾಣುತ್ತದೆ. 2400ರಿಂದ ಗುಣಿಸಿ ನೋಡಿ, ವರ್ಷಕ್ಕೆ ಶೇ. 6! ಲೀಸ್ ಪತ್ರದಲ್ಲಿ ಈ ದರವನ್ನು ಬಡ್ಡಿ ದರದ ರೂಪದಲ್ಲಿ ಬರೆಯಲೇಬೇಕು ಎಂದು 1976ರ ಗ್ರಾಹಕ ಲೀಸ್ ಕಾಯ್ದೆ ಹೇಳುವುದಿಲ್ಲ.

ಆ 5,000 ಇಲ್ಲದಿದ್ದರೆ? ತಿಂಗಳಿಗೆ 680. ಬೆಲೆ ಏರಿದ್ದು ಶೇ. 11, ಕಂತು ಏರಿದ್ದು ಶೇ. 22. ಕಾರಣ ಸರಳ. 27,000 ಲೆಕ್ಕ ಹಾಕಿದ್ದು ಸ್ಟಿಕರ್ ಬೆಲೆಯ ಶೇ. 60ರಂತೆ. ಡೀಲರ್ ಸೇರಿಸಿದ ದುಡ್ಡಿಗೆ ಕೊನೆಯಲ್ಲಿ ಒಂದು ಕಾಸಿನ ಬೆಲೆಯೂ ಇಲ್ಲ. ಕಾರು ಕೊಂಡು ಹತ್ತು ವರ್ಷ ಓಡಿಸುವವನಿಗೆ ಆ ದುಡ್ಡು ಹತ್ತು ವರ್ಷಕ್ಕೆ ಹರಡುತ್ತದೆ. ನಿಮಗೆ ಮೂರೇ ವರ್ಷ. ಬಡ್ಡಿ ಸೇರಿ ಸುಮಾರು 5,450 ಡಾಲರ್ ಸುರಿದು, ಕಾರಿನ ಕೀಲಿಯನ್ನೂ ವಾಪಸ್ ಕೊಟ್ಟು, ಮನೆಗೆ ನಡೆದುಕೊಂಡು ಬರುತ್ತೀರಿ.

ನನ್ನ ಗೆಳೆಯನ ಜೊತೆ ಒಮ್ಮೆ ಶೋರೂಮಿಗೆ ಹೋಗಿದ್ದೆ. ಸೇಲ್ಸ್‌ನವನು ಬಿಳಿ ಹಾಳೆಯ ಮೇಲೆ ಅಡ್ಡ ಒಂದು, ಉದ್ದ ಒಂದು ಗೆರೆ ಎಳೆದ. ಚೌಕಾಬಾರ ಆಡಲು ಕೂತ ಹಾಗೆ. ನಾಲ್ಕು ಮನೆ: ಹಳೇ ಕಾರಿನ ಬೆಲೆ, ಹೊಸ ಕಾರಿನ ಬೆಲೆ, ಮುಂಗಡ, ತಿಂಗಳ ಕಂತು. ಗೆಳೆಯ ಕಂತು ಜಾಸ್ತಿ ಎಂದಾಗಲೆಲ್ಲ ಅವನು ಆ ಮನೆಯ ಸಂಖ್ಯೆ ಹೊಡೆದುಹಾಕಿ ಚಿಕ್ಕದೊಂದು ಬರೆಯುತ್ತಿದ್ದ, ದೊಡ್ಡದಾಗಿ ಸುತ್ತು ಹಾಕುತ್ತಿದ್ದ. ಮುಂಗಡದ ಮನೆಯಲ್ಲಿ ಸದ್ದಿಲ್ಲದೆ ಸಂಖ್ಯೆ ಏರುತ್ತಿತ್ತು. ಗೆಳೆಯ ಗೆದ್ದೆ ಎಂದುಕೊಂಡು ಸಹಿ ಹಾಕಿದ. ನಾನು ಪಕ್ಕದಲ್ಲಿ ಸುಮ್ನೆ ಕಾಫಿ ಕುಡಿಯುತ್ತಿದ್ದೆ. ಇಂದಿಗೂ ಅದಕ್ಕೆ ನಾಚಿಕೆಯಾಗುತ್ತದೆ.

ಹೊಸ ಇಂಧನದ ಕಾರಿಗೂ ಲೀಸಿಗೂ ಹಳೇ ನಂಟು. 1996ರಲ್ಲಿ ಜನರಲ್ ಮೋಟಾರ್ಸ್ ತನ್ನ ವಿದ್ಯುತ್ ಕಾರು ಇವಿ1 ಅನ್ನು ಲೀಸಿಗೆ ಮಾತ್ರ ಕೊಟ್ಟಿತು. ಓಡಿಸಿದವರು ದುಡ್ಡು ಕೊಟ್ಟು ಕೊಳ್ಳುತ್ತೇವೆ ಎಂದು ಗೋಗರೆದರು. ಕಂಪನಿ ವಾಪಸ್ ತೆಗೆದುಕೊಂಡು ಬಹುಪಾಲು ಕಾರುಗಳನ್ನು ಜಜ್ಜಿಹಾಕಿತು. 2008ರಲ್ಲಿ ಹೋಂಡಾದ ಹೈಡ್ರೋಜನ್ ಕಾರು ಎಫ್‌ಸಿಎಕ್ಸ್ ಕ್ಲಾರಿಟಿಯೂ ಲೀಸಿಗೆ ಮಾತ್ರ ಬಂತು, ತಿಂಗಳಿಗೆ 600. ಅದರಲ್ಲಿ ರಿಪೇರಿ, ಅಪಘಾತದ ವಿಮೆ ಎಲ್ಲ ಸೇರಿತ್ತು. ಇನ್ನು ಅಮೆರಿಕದ 2022ರ ಕಾನೂನು ಬಂದ ಮೇಲೆ ಲೀಸ್ ಕಾರಿನ ಮೇಲಿನ 7,500 ಡಾಲರ್‌ವರೆಗಿನ ತೆರಿಗೆ ರಿಯಾಯಿತಿ ಹೋದದ್ದು ಲೀಸ್ ಕಂಪನಿಗೆ. ಅದನ್ನು ಗ್ರಾಹಕನಿಗೆ ದಾಟಿಸುವುದು ಅವರ ಮರ್ಜಿಯಾಗಿತ್ತು. 2025ರ ಸೆಪ್ಟೆಂಬರ್ 30ಕ್ಕೆ ಅದೂ ನಿಂತಿತು.

ಪರಿಸರಕ್ಕಾಗಿ ಎಂದಿರಿ. ನಿಮ್ಮ ಮನಸ್ಸು ದೊಡ್ಡದು, ಅದಕ್ಕೇ ಬೈಯಲು ಬೇಜಾರು. ಆದರೂ ಕೇಳಿ. ನೀವು ಬಿಟ್ಟರೆ ಆ ಕಾರು ಶೋರೂಮಿನಲ್ಲಿ ಕೊಳೆಯುವುದಿಲ್ಲ. ಮಾರನೇ ದಿನವೇ ಇನ್ನೊಬ್ಬರು ಓಡಿಸುತ್ತಾರೆ. ಅಷ್ಟೇ ಪೆಟ್ರೋಲ್ ಉಳಿಯುತ್ತದೆ. ನಿಮ್ಮ 5,000ದಿಂದ ಗಾಳಿ ಒಂದು ಚೂರೂ ಶುದ್ಧವಾಗುವುದಿಲ್ಲ. ಹಳೇ ಕಾರು ಇನ್ನೊಂದು ವರ್ಷ ಎಳೆಯುತ್ತದಾ? ಎಳೆಸಿ. ಕಾಯಲೇ ಆಗದಿದ್ದರೆ ಕಂತಿನ ಮಾತು ಬಿಟ್ಟು, ಲೀಸಿನ ಲೆಕ್ಕಕ್ಕೆ ಶುರುವಿನಲ್ಲಿ ಹಿಡಿದ ಕಾರಿನ ಬೆಲೆಯನ್ನೇ ಕೇಳಿ ಬರೆಸಿಕೊಳ್ಳಿ.

ಕಾರೊಂದೇ ಆಗಿದ್ದರೆ ಇಷ್ಟು ಕೂಗಾಡುತ್ತಿರಲಿಲ್ಲ. ಈಗ ಫೋನು ತಿಂಗಳಿಗೆ, ಸೋಫಾ ತಿಂಗಳಿಗೆ, ಹಾಸಿಗೆ ತಿಂಗಳಿಗೆ. ನಾನು ಈ ಉತ್ತರ ಟೈಪ್ ಮಾಡುತ್ತಿರುವ ಸಾಫ್ಟ್‌ವೇರಿಗೂ ತಿಂಗಳ ಬಾಡಿಗೆ. ಒಂದು ವಸ್ತುವಿನ ಪೂರ್ತಿ ಬೆಲೆ ಏನು ಎಂದು ಕೇಳಿದರೆ ಅಂಗಡಿಯವನು ನಮ್ಮನ್ನೇ ಪಾಪದವರಂತೆ ನೋಡುತ್ತಾನೆ.

ಚಂದಾ ವಿಷಯ. ತಿಂಗಳಿಗೊಮ್ಮೆ ಕಟ್ಟಬಹುದು, ಆದರೆ ಒಟ್ಟು ಜಾಸ್ತಿ ಬೀಳುತ್ತದೆ. ಆ ಯೋಜನೆ ತಂದವನು ನಾನೇ. ನೀವು ವರ್ಷದ್ದೇ ಕಟ್ಟಿ.