ವೀರಗಲ್ಲಿನ ಯೋಧರು ದೇಶಕ್ಕಾಗಿ ಸತ್ತವರೇ?

ಐತಿಹಾಸಿಕ ಸಿನಿಮಾಗಳಲ್ಲಿ ಯೋಧರು ತಾಯ್ನಾಡಿನ ಹೆಸರು ಕೂಗಿ ಪ್ರಾಣ ಬಿಡುತ್ತಾರಲ್ಲ, ನಮ್ಮ ವೀರಗಲ್ಲುಗಳಲ್ಲಿ ಇರುವವರೂ ಹಾಗೆಯೇ ಸತ್ತವರೇ ಎಂದು ಕೇಳಿದ್ದೀರಿ.

ಬಹುಮಟ್ಟಿಗೆ ಅಲ್ಲ. ಹದಿನೇಳು ವರ್ಷ ಸೇನೆಯಲ್ಲಿದ್ದು ಊರಿಗೆ ಮರಳಿದವನು ನಾನು. ಬಿಡುವಾದಾಗಲೆಲ್ಲ ಕೆರೆ ಏರಿ, ಹಾಳುಗುಡಿ ಸುತ್ತಿ ವೀರಗಲ್ಲು ನೋಡುವುದು ಈಗಿನ ಹವ್ಯಾಸ. ಬರಹ ಉಳಿದಿರುವ ಕಲ್ಲುಗಳನ್ನು ಓದಿದರೆ ಸಾವಿನ ಕಾರಣ ಮನೆಯಂಗಳದಷ್ಟು ಹತ್ತಿರದ್ದು. ಒಬ್ಬ ದನ ಹೊಡೆದುಕೊಂಡು ಹೋದವರ ಬೆನ್ನುಹತ್ತಿ ಸತ್ತಿದ್ದಾನೆ. ಹೀಗೆ ದನ ಹೊಡೆದೊಯ್ಯುವುದಕ್ಕೆ ತುರುಗೋಳು ಎನ್ನುತ್ತಾರೆ. ಇನ್ನೊಬ್ಬ ಊರಿಗೆ ನುಗ್ಗಿದವರನ್ನು ತಡೆದು, ಮತ್ತೊಬ್ಬ ಹೆಂಗಸರ ಮಾನ ಕಾಯಲು ಹೋಗಿ ಸತ್ತಿದ್ದಾನೆ. ಒಡೆಯನ ದಂಡಿನಲ್ಲಿ ಸತ್ತವರೂ ಇದ್ದಾರೆ. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಗೊಡಗೆ ಎಂಬ ಹೆಸರೇ ಇತ್ತು. ಪಿಂಚಣಿ ಕಚೇರಿಯ ಯಾವ ಪದವೂ ಇಷ್ಟು ನೇರವಾಗಿಲ್ಲ.

ನನಗೆ ತೀರಾ ಇಷ್ಟವಾದದ್ದು ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು. ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. 949ರಲ್ಲಿ ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಪರವಾಗಿ ಕಾದಿದ ಗಂಗ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಬಂಟ ಮಣಲೆರ. ಅವನ ಪರಾಕ್ರಮಕ್ಕೆ ಮೆಚ್ಚಿ ಏನು ಬೇಕೋ ಬೇಡಿಕೋ ಎಂದರೆ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಆ ನಾಯಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಕಾದಿತು. ಎರಡೂ ಸತ್ತವು. ಕಾಳಿಗಾಗಿ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟಲಿ ಎಂಬ ಶಾಪವೂ ಅದರಲ್ಲಿದೆ. ಸಾಮ್ರಾಜ್ಯಗಳ ಯುದ್ಧದ ಸುದ್ದಿಯನ್ನು ಹೊತ್ತಿರುವ ಆ ಕಲ್ಲಿನ ಮೇಲೆ ಕೆತ್ತಿರುವುದು ರಾಜನನ್ನಲ್ಲ, ಹಂದಿಯ ಮೇಲೆ ಬಿದ್ದಿರುವ ಒಂದು ನಾಯಿಯನ್ನು. ಮೊದಲ ಸಲ ನೋಡಿದಾಗ ಮುಂದಿನ ಕಲ್ಲಿಗೆ ಹೋಗಲು ಮನಸ್ಸೇ ಬರಲಿಲ್ಲ.

ಹಾಗಾದರೆ ಅವರಿಗೆ ನಿಷ್ಠೆ ಇರಲಿಲ್ಲವೇ? ಇತ್ತು, ಅದರ ಹೆಸರು ಬೇರೆ: ಜೋಳದ ಪಾಳಿ. ಯಾರ ಜೋಳ ತಿಂದೆಯೋ ಅವನ ಋಣ ತೀರಿಸುವ ಸರದಿ ನಿನ್ನದು. ತಕ್ಕೋಲಕ್ಕೆ ಎಂಟು ವರ್ಷ ಮೊದಲು, 941ರಲ್ಲಿ, ಮಹಾಭಾರತದ ಕಥೆಯನ್ನು ಕನ್ನಡಕ್ಕೆ ತಂದ ಪಂಪ ಕವಿಯೂ ಹೌದು, ಕಲಿಯೂ ಹೌದು. ಅವನ ಕರ್ಣ, ತಾನು ಕುಂತಿಯ ಮಗ ಎಂದು ತಿಳಿದ ಮೇಲೂ, ರಾಜ್ಯವೇ ಕೈಗೆ ಬರುವಂತಿದ್ದರೂ ದುರ್ಯೋಧನನನ್ನು ಬಿಡುವುದಿಲ್ಲ. ಕರ್ಣ ಕಲ್ಪನೆಯೇ ಇರಬಹುದು, ಆದರೆ ವೀರಗಲ್ಲಿಗೆ ಅವನು ಹತ್ತಿರ. ನಮ್ಮ ಸಿನಿಮಾದವರು ಇಂದಿನ ಭಾಷಣವನ್ನು ಅಂದಿನ ಬಾಯಿಗೆ ತುರುಕುತ್ತಾರೆ, ಪಂಪನಿಗೆ ಹಾಗೆ ಮಾಡುವ ಅಗತ್ಯವಿರಲಿಲ್ಲ.

ಇದೇ ನಿಷ್ಠೆಗೆ ಭಯಂಕರ ಮುಖವೂ ಇದೆ. ಒಡೆಯ ಸತ್ತರೆ ತಾನೂ ಸಾಯುತ್ತೇನೆಂದು ಭಾಷೆ ಕೊಟ್ಟವರನ್ನು ಗರುಡರು ಎನ್ನುತ್ತಿದ್ದರು. ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಗರುಡ ಕುವರಲಕ್ಷ್ಮನ ಕಂಬ ಹಳೇಬೀಡಿನಲ್ಲಿದೆ. ತಮ್ಮ ಕೊರಳಿಗೆ ತಾವೇ ಕತ್ತಿ ಹಿಡಿದವರ ಶಿಲ್ಪ ಅದರಲ್ಲಿದೆ. ಅದನ್ನು ಕೊಂಡಾಡಲು ನನ್ನಿಂದ ಆಗದು.

ಇಂದಿನ ಸೇನೆಯಲ್ಲಿ ನಾಮ್, ನಮಕ್, ನಿಶಾನ್ ಎನ್ನುತ್ತಾರೆ: ಪಲ್ಟನ್ನಿನ ಹೆಸರು, ಉಂಡ ಉಪ್ಪು, ಬಾವುಟ. ದೇಶ ಎಂಬುದು ನಮಗೆ ಸುಳ್ಳಲ್ಲ, ಪ್ರಮಾಣ ಮಾಡಿದ್ದೇ ಅದರ ಹೆಸರಿನಲ್ಲಿ. ಆದರೆ ಹಿಮದ ಪೋಸ್ಟಿನಲ್ಲಿ ರಾತ್ರಿ ಎರಡಕ್ಕೆ ಸಂತ್ರಿ ನಿಂತಾಗ ತಲೆಯಲ್ಲಿ ಇರುವುದು ಪಕ್ಕದ ಬಂಕರಿನಲ್ಲಿ ಮಲಗಿದ ಐದಾರು ಜನ. ಒಮ್ಮೆ ನನ್ನನ್ನು ಕಾವಲಿನಿಂದ ಬಿಡಿಸಬೇಕಾದವನಿಗೆ ಜ್ವರ. ಎಬ್ಬಿಸಲು ಹೋದವನು ಅವನ ನರಳಾಟ ಕೇಳಿ ಹಿಂದಿರುಗಿದೆ, ಅವನ ಎರಡು ಗಂಟೆಯನ್ನೂ ನಾನೇ ನಿಂತೆ. ಬೆಳಿಗ್ಗೆ ಅವನು ಲಂಗರಿನಿಂದ, ಅಂದರೆ ನಮ್ಮ ಅಡುಗೆಮನೆಯಿಂದ, ಬಂದು ತನ್ನ ಪಾಲಿನ ಪೂರಿಗಳಲ್ಲಿ ಎರಡನ್ನು ನನ್ನ ಮೆಸ್ ಟಿನ್ನಿಗೆ ಹಾಕಿ, ಮಾತಾಡದೆ ಪಕ್ಕದಲ್ಲಿ ಕುಳಿತು ಚಹಾ ಕುಡಿದ.