ಬಣ್ಣ ಒಣಗುವಷ್ಟು ಹೊತ್ತು

ನಿಮ್ಮ ಪತ್ರ ಓದಿದೆ. ಕೆಲಸ, ಇಬ್ಬರು ಮಕ್ಕಳು, ಮನೆಯ ಹಿರಿಯರ ನಡುವೆ ಗುರುವಿಲ್ಲದೆ ಚಿತ್ರ ಕಲಿಯುತ್ತಿದ್ದೇನೆ, ಕುಂಚ ಹಿಡಿದಾಗಲೆಲ್ಲ ಮನೆಯವರ ಸಮಯ ಕದಿಯುತ್ತಿದ್ದೇನೆ ಅನ್ನಿಸುತ್ತದೆ ಎಂದು ಬರೆದಿದ್ದೀರಿ. ನಾನು ಉಡುಪಿಯವಳು, ಸಹಕಾರಿ ಸಂಘವೊಂದರಲ್ಲಿ ಗುಮಾಸ್ತೆ. ಒಂಬತ್ತು ವರ್ಷಗಳಿಂದ ಜಲವರ್ಣದಲ್ಲಿ ಚಿತ್ರ ಬರೆಯುತ್ತಿದ್ದೇನೆ. ಯಾರ ಬಳಿಯೂ ಕಲಿತವಳಲ್ಲ. ನಡುವೆ ಎದ್ದು ಹೋದರೂ ಕೆಡದಂಥ ಕೆಲಸ ಆರಿಸಿಕೊಳ್ಳಿ ಎಂಬುದೇ ನಾನು ಹೇಳಬಹುದಾದ ಮಾತು.

ಮೊದಮೊದಲು ನಾನು ದೊಡ್ಡ ಹಾಳೆ ಹಾಸಿಕೊಂಡು ಕೂರುತ್ತಿದ್ದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ, ಛಾವಣಿಯ ಚಿತ್ರಗಳನ್ನು ನೋಡಿ ಹತ್ತಿದ ಹುಚ್ಚು ಅದು. ಅವನ್ನು ಬರೆದ ಅಂತೋನಿಯೊ ಮೊಸ್ಕೇನಿ ಇಟಲಿಯಿಂದ ಬಂದವರು, ಯೇಸು ಸಭೆ ಎಂಬ ಕ್ರೈಸ್ತ ಸನ್ಯಾಸಿ ಸಂಘದ ಸಹೋದರ. ಬದುಕನ್ನೇ ಅದಕ್ಕೆ ಕೊಟ್ಟವರ ಅಳತೆಯನ್ನು ನಾನು ನನ್ನ ಊಟದ ಮೇಜಿಗೆ ತಂದಿದ್ದೆ. ಒಂದು ಸಂಜೆ ಮಗಳು ಲೆಕ್ಕದ ಪುಸ್ತಕ ತೋರಿಸಲು ಓಡಿ ಬಂದು ನೀರಿನ ಲೋಟ ಉರುಳಿಸಿದಳು. ಮೂರು ದಿನದ ಚಿತ್ರ ತೊಯ್ದುಹೋಯಿತು. ನಾನು ಕೂಗಾಡಿದೆ. ಅವಳು ಪುಸ್ತಕವನ್ನು ಎದೆಗವಚಿಕೊಂಡು ಬಾಗಿಲಲ್ಲೇ ನಿಂತುಬಿಟ್ಟಳು. ಅದು ಇಂದಿಗೂ ನನ್ನ ಕಣ್ಣಿಂದ ಹೋಗಿಲ್ಲ.

ಆಮೇಲೆ ಅಂಗೈಯಗಲದ ಹಾಳೆಗೆ ಇಳಿದೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ, ಹನ್ನೆರಡು ಬಿಲ್ಲೆಗಳ ಬಣ್ಣದ ಡಬ್ಬಿ, ಎರಡು ಕುಂಚ, ಇಷ್ಟೇ. ಅಕ್ರಿಲಿಕ್ ಬಣ್ಣ ನನಗೆ ಒಗ್ಗಲಿಲ್ಲ. ಎದ್ದು ಹೋಗಿ ಬರುವಷ್ಟರಲ್ಲಿ ತಟ್ಟೆಯಲ್ಲೇ ಗಟ್ಟಿಯಾಗಿರುತ್ತದೆ. ಜಲವರ್ಣದ ಬಿಲ್ಲೆ ಎಷ್ಟು ಒಣಗಿದ್ದರೂ ಒದ್ದೆ ಕುಂಚ ತಾಗಿದರೆ ಬಣ್ಣ ಬಿಡುತ್ತದೆ. ಹಾಳೆಯ ಮೇಲೆ ಒಂದು ಪದರ ಆರುವ ಮೊದಲೇ ಇನ್ನೊಂದು ಎಳೆದರೆ ಎರಡೂ ಕಲಸಿಹೋಗುತ್ತವೆ, ಹಾಗಾಗಿ ಕಾಯಲೇಬೇಕು. ನಮ್ಮ ತುಳುನಾಡಿನ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಂತೂ ಒಂದು ಪದರ ಒಣಗುವುದರೊಳಗೆ ಸಾರಿಗೆ ಒಗ್ಗರಣೆ ಹಾಕಿ, ಮಗಳ ಮಗ್ಗಿ ಕೇಳಿ ಬರಬಹುದು. ಆ ಹೊತ್ತನ್ನು ನಾನು ಮನೆಗೆ ಕೊಟ್ಟಿದ್ದೇನೆ, ಮನಸ್ಸಿನಲ್ಲಿ ಚಿತ್ರವನ್ನು ಇಟ್ಟುಕೊಳ್ಳದೆ. (ಮಳೆಗಾಲದಲ್ಲಿ ಕಾಗದಕ್ಕೆ ಬೂಸ್ಟು ಬರುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.)

ಏನು ಬರೆಯಬೇಕೆಂದು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಕೃಷ್ಣಾಷ್ಟಮಿಯ ಕಡುಬಿಗೆ ಅತ್ತೆ ಹಲಸಿನ ಎಲೆಯ ಕೊಟ್ಟೆ (ಹಿಟ್ಟು ತುಂಬುವ ದೊನ್ನೆ) ಕಟ್ಟುತ್ತಾರೆ. ನಾಲ್ಕು ಎಲೆಗಳನ್ನು ಸೇರಿಸಿ ತೆಂಗಿನ ಗರಿಯ ಕಡ್ಡಿ ಚುಚ್ಚುವಾಗ ಅವರ ಹೆಬ್ಬೆರಳಿನ ಉಗುರು ಒತ್ತಿ ಬೆಳ್ಳಗಾಗುತ್ತದೆ. ಆ ಉಗುರು ಸರಿಬರಲು ನನಗೆ ನಾಲ್ಕು ಹಾಳೆ ಬೇಕಾಯಿತು. ಅತ್ತೆ ನೋಡಿ, "ಉಗುರು ಸರಿ. ಎಲೆಯ ಬೆನ್ನು ಇಷ್ಟು ಹೊಳೆಯುವುದಿಲ್ಲ ಮಾರಾಯ್ತಿ" ಎಂದರು. ಎಲೆ ತಿರುಗಿಸಿ ನೋಡಿದೆ, ನಿಜ, ಮಂಕು ಹಸಿರು, ನರಗಳು ಉಬ್ಬಿದ್ದವು. ಗುರುವಿಲ್ಲ ಎಂದಿರಲ್ಲ, ಆ ದಿನ ನಾನು ಕಲಿತದ್ದು ಅವರಿಂದ.

ಜೂನ್, ಜುಲೈಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ಮಳೆ ಬಿಟ್ಟ ಭಾನುವಾರ ಮನೆಯವರೆಲ್ಲ ಹೋಗುತ್ತೇವೆ. ನಾನು ಇಪ್ಪತ್ತು ನಿಮಿಷ ಪೆನ್ಸಿಲ್ ಹಿಡಿಯುತ್ತೇನೆ, ಮಗಳು ಬೋಟುಗಳ ಹೆಸರನ್ನು ಗಟ್ಟಿಯಾಗಿ ಓದುತ್ತಾಳೆ. ಅವಳ ಪರೀಕ್ಷೆಯ ವಾರಗಳಲ್ಲಿ ಡಬ್ಬಿ ತೆರೆಯುವುದೇ ಇಲ್ಲ. ಕೈ ಚಡಪಡಿಸುತ್ತದೆ, ಆದರೂ ತೆರೆಯುವುದಿಲ್ಲ.

ನಿಮ್ಮ ಮಕ್ಕಳ ವಯಸ್ಸು ಬರೆದಿಲ್ಲ. ತೀರ ಚಿಕ್ಕವರಾದರೆ ನೀರಿಗೆ ಲೋಟ ಬೇಡ, ಅಗಲ ತಳದ, ಗಿಡ್ಡ ಗಾಜಿನ ಭರಣಿ ಇಡಿ. ಅದು ಸುಲಭಕ್ಕೆ ಉರುಳುವುದಿಲ್ಲ.