ಓದೋ ಹುಡುಗನ್ನ ಅಡಿಕೆ ಸುಲಿಯೋಕೆ ಕೂರಿಸಿ ಅಂದಿದ್ದು ಯಾಕೆ

ಅಡಿಕೆ ಸುಲಿಯೋ ಸೀಸನ್ ಮುಗಿಯುತ್ತಾ ಬರುವ ಹೊತ್ತಿಗೆ ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಬರೋ ಎಸ್ಸೆಸ್ಸೆಲ್ಸಿ ಮಕ್ಕಳದ್ದು ಹೆಚ್ಚುಕಮ್ಮಿ ಒಂದೇ ಕತೆ. ಓದದ ಮಕ್ಕಳದ್ದಲ್ಲ, ದಿನವಿಡೀ ಓದುವವರದ್ದು. ಅದರಲ್ಲಿ ಒಂದನ್ನು ಗುರುತು ಸಿಗದ ಹಾಗೆ ಬದಲಿಸಿ ಬರೀತಿದ್ದೇನೆ. ನನ್ನ ಸಲಹೆ ಕೇಳಿ ಆ ಊರಲ್ಲಿ ಒಂದಷ್ಟು ಜನ ಬೈದಿದ್ದೂ ಗೊತ್ತು, ಅದಕ್ಕೂ ಉತ್ತರ ಇಲ್ಲೇ ಇದೆ.

ತೀರ್ಥಹಳ್ಳಿ ಕಡೆಯ ಹುಡುಗ, ತೋಟದ ಮನೆ. ಪ್ರಿಪರೇಟರಿ ಗಣಿತದಲ್ಲಿ 80ಕ್ಕೆ 22. ಪರೀಕ್ಷೆ ದಿನ ಬೆಳಿಗ್ಗೆ ಹೊಟ್ಟೆನೋವು. ಶಿವಮೊಗ್ಗಕ್ಕೆ ಕರಕೊಂಡು ಬಂದು ಸ್ಕ್ಯಾನ್ ಮಾಡಿಸಿದರೂ ಏನೂ ಸಿಕ್ಕಿರಲಿಲ್ಲ.

"ನಮ್ಮ ಕಡೆಯಿಂದ ಏನೂ ಕಮ್ಮಿ ಮಾಡಿಲ್ಲ ಮೇಡಂ" ಅಂದರು ಅಪ್ಪ. ನಿಜ. ಟಿವಿ ರೀಚಾರ್ಜ್ ಮಾಡಿಸಿಲ್ಲ, ಮೊಬೈಲ್ ಬೀರುವಿನಲ್ಲಿ, ನೆಂಟರಿಗೆ ಏಪ್ರಿಲ್ ತನಕ ಬರಬೇಡಿ ಅಂದಿದ್ದಾರೆ. ಅವರು ಮಾತಾಡ್ತಿದ್ದಾಗ ನನ್ನ ಕಣ್ಣು ಹೋಗಿದ್ದು ಕೈಗಳ ಮೇಲೆ. ಅಪ್ಪ, ಅಮ್ಮ ಇಬ್ಬರ ಬೆರಳೂ ಹಸಿ ಅಡಿಕೆಯ ಚೊಗರು ಹಿಡಿದು ಕಪ್ಪಾಗಿದ್ದವು, ಉಗುರಿನ ಸಂದಿಯೂ ಬಿಟ್ಟಿರಲಿಲ್ಲ. ಹುಡುಗನ ಕೈ ಮಾತ್ರ ಮದುವೆಗೆ ಹೊರಟವರ ಹಾಗೆ ಸ್ವಚ್ಛ.

"ಈ ವರ್ಷ ಸುಲಿಯೋಕೆ ಕೂತಿಲ್ವಾ?" ಅಂದೆ.

"ಅಪ್ಪಯ್ಯ ಬೇಡ ಅಂದ್ರು."

ನಿನ್ನೆ ಸಂಜೆಯಿಂದ ಮಲಗೋವರೆಗೆ ಏನೇನಾಯ್ತು ಅಂತ ಕೇಳಿದೆ. ನಿಧಾನಕ್ಕೆ ಹೇಳಿದ. ಕೆಳಗೆ ಎಲ್ಲರೂ ಅಡಿಕೆ ಸುಲಿಯೋ ಮೆಟ್ಟುಗತ್ತಿ ಹಾಕಿಕೊಂಡು ಕೂತಿರ್ತಾರೆ, ಇವನು ಮಾಳಿಗೆ ಮೇಲೆ. ಯಾರಾದರೂ ಜೋರಾಗಿ ನಕ್ಕರೆ ಅಪ್ಪನ ದನಿ ಕೇಳತ್ತೆ, "ಶ್, ಮಾಣಿ ಓದ್ತಿದ್ದಾನೆ." ನೀರು ಕುಡಿಯೋಕೆ ಇಳಿದರೆ ಎಲ್ಲರೂ ಮಾತು ನಿಲ್ಲಿಸ್ತಾರೆ. ಮತ್ತೆ ಮೇಲೆ ಹೋಗಿ ಪುಸ್ತಕ ಹಿಡಿದರೂ ಕಿವಿ ಕೆಳಗೇ ಇರತ್ತೆ. ಆಮೇಲೆ ಅಪ್ಪನ ಮುಖ ನೋಡದೇ ಒಂದು ಮಾತು ಹೇಳಿದ:

"ನಾನು ಫೇಲಾದ್ರೆ ಇವರೆಲ್ಲ ಸುಮ್ನಿದ್ದಿದ್ದು ದಂಡ ಆಗತ್ತಲ್ವಾ."

ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ಅಪ್ಪ "ಹಾಗೆಲ್ಲ ಯಾಕೋ ಯೋಚ್ನೆ ಮಾಡ್ತೀಯಾ" ಅಂದರು, ಆದರೆ ದನಿ ಇಳಿದಿತ್ತು.

ನಾನು ಹೇಳಿದ್ದು ಇಷ್ಟು. ದಿನಾ ಸಂಜೆ ಒಂದು ಗಂಟೆ ಎಲ್ಲರ ಜೊತೆ ಸುಲಿಯೋಕೆ ಕೂರಲಿ. ಅಲ್ಲಿ ಪರೀಕ್ಷೆ ಮಾತು ಬೇಡ. ಗಂಟೆ ಆದಮೇಲೆ ಅವನು ಎದ್ದು ಹೋಗಲಿ, ನೀವು ನಗ್ತಾ ಇರಿ.

"ಆಳು ಸಿಗದೇ ಮಗನ್ನ ಕೂರಿಸಿದ್ದಾರೆ ಅಂತಾರೆ ಊರವರು" ಅಂದರು ಅಪ್ಪ. ಅಂದರು ಕೂಡ. ಶಾಲೆಯಿಂದ ಒಬ್ಬರು ನನಗೇ ಫೋನ್ ಮಾಡಿ, ಪರೀಕ್ಷೆ ಹತ್ತಿರ ಇರುವಾಗ ಇದೆಂಥ ಸಲಹೆ ಅಂತ ಕೇಳಿದರು. ಮಕ್ಕಳನ್ನು ದುಡಿಸಿ ಅಂತ ನಾನು ಹೇಳ್ತಿಲ್ಲ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಹತ್ತನೇ ಕ್ಲಾಸಲ್ಲೂ ಪಾತ್ರೆ ತೊಳೆದು, ಕೊಟ್ಟಿಗೆ ಬಾಚಿ ಆಮೇಲೆ ಪುಸ್ತಕ ಹಿಡೀತಾರೆ, ಅವರ ಅಪ್ಪ ಅಮ್ಮನಿಗೆ ನಾನು ಹೇಳೋದು ಇದರ ತದ್ವಿರುದ್ಧ. ಈ ಹುಡುಗನಿಗೆ ಸಮಯ ಬೇಕಾದಷ್ಟಿತ್ತು, ಆದರೆ ಮನೆಯವರೆಲ್ಲರ ತ್ಯಾಗಕ್ಕೆ ಅಂಕದಲ್ಲಿ ಲೆಕ್ಕ ಒಪ್ಪಿಸಬೇಕಿತ್ತು. ಹದಿನಾರರ ಹುಡುಗನ ಹೊಟ್ಟೆ ನೋಯದೆ ಇನ್ನೇನಾಗತ್ತೆ?

ಓದುವ ರೀತಿಯಲ್ಲೂ ತೊಂದರೆ ಇತ್ತು. ಪುಸ್ತಕ ಮುಚ್ಚಿಸಿ ಥೇಲ್ಸ್ ಪ್ರಮೇಯ ಬರಿ ಅಂದೆ. ಚಿತ್ರ ಚೆನ್ನಾಗಿ ಬರೆದ. ದತ್ತ, ಸಾಧನೀಯ ಬರೆದ. ರಚನೆಗೆ ಬಂದು ಪೆನ್ನು ನಿಂತಿತು. "ನೋಡಿದ್ರೆ ಎಲ್ಲ ಗೊತ್ತಿರತ್ತೆ ಮೇಡಂ." ಗೈಡಿನ ತುಂಬ ಹಸಿರು, ಗುಲಾಬಿ ಗೆರೆ ಎಳೆದಿದ್ದ, ಒಂದು ಲೆಕ್ಕವನ್ನೂ ನೋಡದೇ ಮಾಡಿರಲಿಲ್ಲ. ಪರೀಕ್ಷಾ ಮಂಡಳಿಯ ವೆಬ್‌ಸೈಟಲ್ಲಿ ಮಾದರಿ ಪ್ರಶ್ನೆಪತ್ರಿಕೆ ಇರತ್ತೆ, ಅದನ್ನು ಪ್ರಿಂಟ್ ಹಾಕಿಸಿ, ಗಡಿಯಾರ ಇಟ್ಟುಕೊಂಡು, ಪುಸ್ತಕ ಮುಚ್ಚಿ ಬರಿ ಅಂದೆ. ತಪ್ಪಿದ್ದನ್ನು ಮಾತ್ರ ಮತ್ತೆ ಓದು. ರಾತ್ರಿ ಒಂದರವರೆಗೆ ಕೂತು ನಾಲ್ಕಕ್ಕೆ ಏಳೋದು ಬೇಡ, ಓದಿದ್ದು ತಲೇಲಿ ಗಟ್ಟಿಯಾಗೋದಕ್ಕೆ ನಿದ್ದೆಯೂ ಬೇಕು.

ಅಪ್ಪನಿಗೆ ಬೇರೆಯಾಗಿ ಇನ್ನೊಂದು ಮಾತು ಹೇಳಿದೆ. 2024ರಿಂದ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಒಂದು ವಿಷಯದಲ್ಲಿ ಯಾವುದರಲ್ಲಿ ಜಾಸ್ತಿ ಬಂತೋ ಅದೇ ಅಂಕ ಉಳಿಯತ್ತೆ. ಅವರಿಗೆ ಗೊತ್ತಿತ್ತು. ಹೇಳಿದ್ರೆ ಹುಡುಗ ಸಡಿಲ ಬಿಡ್ತಾನೆ ಅಂತ ಮನೆಯಲ್ಲಿ ಆ ಮಾತೇ ಎತ್ತಿರಲಿಲ್ಲವಂತೆ! ಹೆದರಿಸಿ ಓದಿಸೋದರಲ್ಲಿ ನನಗೆ ನಂಬಿಕೆ ಇಲ್ಲ. ಅವತ್ತೇ ಹೇಳಿ ಅಂದೆ, ಹೇಳಿದರು.

ಹುಡುಗ ಮೊದಲ ಪರೀಕ್ಷೆಯಲ್ಲೇ ಪಾಸಾದ. ಗಣಿತದಲ್ಲಿ ಅಂಥ ದೊಡ್ಡ ಅಂಕವೇನೂ ಬರಲಿಲ್ಲ, ಅಪ್ಪನಿಗೆ ಅದರ ಬೇಜಾರು ಇನ್ನೂ ಇದೆ. ಹೊಟ್ಟೆನೋವು ಇಂಗ್ಲಿಷ್ ಪರೀಕ್ಷೆ ದಿನ ಒಂದ್ಸಲ ಬಂದು ಹೋಯಿತಂತೆ.

ಹಾಗಂತ ಎಲ್ಲ ಮಕ್ಕಳಿಗೂ ಇದೇ ಮದ್ದಲ್ಲ. ಊಟ, ನಿದ್ದೆ ಪೂರ್ತಿ ಬಿಟ್ಟ ಮಗು, ಬದುಕಿರೋದೇ ಬೇಡ ಅನ್ನೋ ಮಾತಾಡುವ ಮಗು ನಿಮ್ಮ ಮನೆಯಲ್ಲಿದ್ದರೆ ಪರೀಕ್ಷೆ ಮುಗೀಲಿ ಅಂತ ಕಾಯಬೇಡಿ. ಒಂಟಿಯಾಗಿ ಬಿಡಬೇಡಿ, ಡಾಕ್ಟರ ಹತ್ತಿರ ಕರಕೊಂಡು ಹೋಗಿ. ಟೆಲಿ ಮಾನಸ್ 14416ಕ್ಕೆ ರಾತ್ರಿ ಹಗಲು ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ.